ನಮ್ಮೂರಿಗೆ ಸಮುದ್ರ ಬರಲ್ಲ, ನಿಜ

ಪತ್ರ: ‘ಹೋದ ಸಂಚಿಕೆಯಲ್ಲಿ ಅಂಟಾರ್ಕ್ಟಿಕಾದ ಹಿಮಕ್ಕೆ ಎರಡು ಪುಟ ಕೊಟ್ಟಿದ್ದೀರಿ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ನಮಗ್ಯಾಕ್ರೀ ಆ ಸುದ್ದಿ? ನಮ್ಮ ಕಾಲುವೆ ನೀರಿನ ಬಗ್ಗೆ ಬರೀರಿ.’
– ಮಾನ್ವಿ ಕಡೆಯ ರೈತರೊಬ್ಬರು

ಉತ್ತರ: ಲೆಕ್ಕ ಸರಿಯಾಗಿದೆ. ಗ್ರೀನ್‌ಲ್ಯಾಂಡಿನ ಹಿಮ ಪೂರ್ತಿ ಕರಗಿದರೆ ಸಮುದ್ರ 7 ಮೀಟರ್ ಏರುತ್ತೆ, ಅಂಟಾರ್ಕ್ಟಿಕಾದ್ದೂ ಕರಗಿದರೆ ಇನ್ನೊಂದು 58. ಅದಕ್ಕೂ ಸಾವಿರಾರು ವರ್ಷ ಬೇಕು. ಆಗಲೂ ಮಾನ್ವಿ ಬಸ್‌ಸ್ಟ್ಯಾಂಡಿಗೆ ಅಲೆ ಬಡಿಯಲ್ಲ. ಒಪ್ಪಿದೆ.

ಆದರೆ ಈ ಮಾತು ಬೇರೆಯವರು ಹೇಳಿದ್ದರೆ ಸುಮ್ನಿರುತ್ತಿದ್ದೆ. ನೀವು ಕಾಲುವೆಯ ಕೊನೆ ಭಾಗದವರು. ಮೇಲಿನವರು ಕಾಲುವೆಗೆ ಪೈಪ್ ಇಳಿಸಿ, ‘ನಮ್ಮ ಗದ್ದೆ ತುಂಬ್ತು, ಕೆಳಗಿನ ಸುದ್ದಿ ನಮಗ್ಯಾಕೆ’ ಅಂದಾಗ ನಿಮಗೆ ಹೇಗಾಗುತ್ತೆ? ಸಮುದ್ರದ ವಿಷಯದಲ್ಲಿ ನಾವೇ ಆ ಮೇಲಿನವರು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಕುಡತಿನಿಯಲ್ಲೂ ಅದೇ. ಆ ಕರೆಂಟಿನಲ್ಲೇ ನಿಮ್ಮ ಪಂಪ್‌ಸೆಟ್ ಓಡುತ್ತೆ, ನನ್ನ ಪತ್ರಿಕೆ ಅಚ್ಚಾಗುತ್ತೆ. ಹೊಗೆ ನಮ್ಮದು, ನೀರು ಉಳ್ಳಾಲದ ಮೀನುಗಾರರ ಹಿತ್ತಲಿಗೆ. (ಅಲ್ಲಿನ ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಇವೆ, ಬಲ್ಲೆ.)

ಲೋಟದಲ್ಲಿನ ಐಸ್ ಕರಗಿದರೆ ನೀರು ಏರಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಮನೆಯಲ್ಲಿ ಮಾಡಿ ನೋಡಿದೆ. ತೇಲುವ ಐಸ್ ಆದರೆ ಏರಲ್ಲ, ನಿಜ. ಗ್ರೀನ್‌ಲ್ಯಾಂಡಿನ ಹಿಮ ತೇಲುತ್ತಿಲ್ಲ, ನೆಲದ ಮೇಲೆ ಕೂತಿದೆ. ಹಾಗಾಗಿ ತುಂಬಿದ ಲೋಟದ ಮೇಲೆ ಚಹಾ ಸೋಸುವ ಜಾಲರಿ ಇಟ್ಟು ಅದರಲ್ಲಿ ಐಸ್ ಹಾಕಿದೆ. ಅರ್ಧ ಗಂಟೆಯಲ್ಲಿ ಮೇಜಿನ ಮೇಲಿದ್ದ ಪ್ರೂಫ್ ಹಾಳೆ ಒದ್ದೆ. ಬೈಸಿಕೊಂಡೆ ಅನ್ನಿ.

ಈಗ ಸಮುದ್ರ ಏರುತ್ತಿರುವುದು ವರ್ಷಕ್ಕೆ ಸುಮಾರು 4 ಮಿಲಿಮೀಟರ್. ಸೋನಾ ಮಸೂರಿ ಅಕ್ಕಿಕಾಳಿನ ಉದ್ದವೂ ಇಲ್ಲ. ಆದರೂ 1901ರಿಂದ 2018ಕ್ಕೆ 20 ಸೆಂಟಿಮೀಟರ್ ಆಯಿತು. ಹೂಳೂ ಹೀಗೇ ಅಲ್ವಾ? ತುಂಗಭದ್ರಾ ಡ್ಯಾಮಿನಲ್ಲಿ ಮೊದಲು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ನಿಲ್ಲುತ್ತಿತ್ತು, ಈಗ 105ರ ಆಸುಪಾಸು. ಕಡಿಮೆಯಾದ ದಿನ ಯಾವುದು, ಯಾರಾದರೂ ಹೇಳಲಿ. 2024ರ ಆಗಸ್ಟಿನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರೂ ಡ್ಯಾಮಿಗೆ ಓಡಿದರು. ಹೂಳು ನೋಡಲು ಯಾರೂ ಓಡಿರಲಿಲ್ಲ.

ನನ್ನ ನಿಜವಾದ ಸಂಕಟ ಬೇರೆ: ನಾವು ಅಳೆಯೋದನ್ನೇ ಬಿಟ್ಟಿದ್ದೇವೆ. ಸಮುದ್ರವನ್ನು 1,300 ಕಿಲೋಮೀಟರ್ ಮೇಲಿಂದ ಉಪಗ್ರಹಗಳು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಿವೆ, 30 ವರ್ಷಕ್ಕೂ ಜಾಸ್ತಿ ಆಯಿತು. ಇಲ್ಲಿ ಹೋದ ವರ್ಷ ಒಂದು ಉಪಕಾಲುವೆಯ ಗೇಜ್ (ನೀರಿನ ಮಟ್ಟ ತೋರಿಸುವ ಅಂಕಿಪಟ್ಟಿ) ನೋಡಲು ಹೋಗಿದ್ದೆ. ಬಣ್ಣ ಉದುರಿ, 3 ಯಾವುದು 8 ಯಾವುದು ಗೊತ್ತಾಗಲಿಲ್ಲ. ಅಲ್ಲಿದ್ದವರೊಬ್ಬರು ಮೊಣಕಾಲು ಮುಟ್ಟಿ ತೋರಿಸಿ ‘ಇಷ್ಟಿತ್ರೀ’ ಅಂದರು. ಅದೇ ದಾಖಲೆ! ಶಾಲೆ ಅಂಗಳದ ಮಳೆಮಾಪಕದಲ್ಲಿ ಗುಬ್ಬಿ ಗೂಡು ಕಟ್ಟಿರುತ್ತೆ, ಸಭೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಟಿಎಂಸಿ.

ನಿಮ್ಮ ಉಪಕಾಲುವೆಗೆ ಎಂದು ನೀರು ಬಂತು, ಗೇಜ್ ಎಷ್ಟಿತ್ತು, ಎಷ್ಟು ದಿನ ನಿಂತಿತು, ತಾರೀಕು ಸಮೇತ ಒಂದು ತಿಂಗಳು ಬರೆದು ಕಳಿಸಿ. ಮುಂದಿನ ಸಂಚಿಕೆಯ ಎರಡು ಪುಟ ನಿಮಗೇ.