ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲೇ ಮನಸ್ಸಿಗೆ ಸಮಾಧಾನ ಇಲ್ಲದಂತಾಗುತ್ತದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ತಿಳಿದದ್ದು ಹೀಗೆ: ಬೆಳಗಾವಿಯಲ್ಲಿ ಮನೆ, ಯಜಮಾನರಿಗೆ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಡಿಸೆಂಬರ್ ಬಂತೆಂದರೆ ಹಾಡಿನ ತಾಲೀಮು, ಫರಾಳ (ಹಬ್ಬದ ತಿನಿಸು), ಮಕ್ಕಳ ಪರೀಕ್ಷೆ. ಆಗಮನ ಕಾಲದ ಎರಡನೇ ಭಾನುವಾರ ಚರ್ಚಿನಲ್ಲಿ ಶಾಂತಿಯ ಮೇಣದಬತ್ತಿ ಹಚ್ಚುತ್ತಾರೆ, ಮನೆಗೆ ಬಂದರೆ ಅದೇ ಕಿರಿಕಿರಿ. ದೇವರ ಶಾಂತಿ ದಿನದ ಬದುಕಿಗೆ ಇಳಿಯುವುದು ಹೇಗೆ ಅಂತ ಕೇಳಿದ್ದೀರಿ.

ನೋಡ್ರಿ ಅಕ್ಕಾರ, ಕೆಲಸವೆಲ್ಲ ಮುಗಿದ ಮೇಲೆ ಶಾಂತಿ ಅಂತ ಕಾದರೆ ಅದು 26ನೇ ತಾರೀಖಿಗೂ ಬರುವುದಿಲ್ಲ. ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ 4:7 ತೆಗೆಯಿರಿ. ಅಪೊಸ್ತಲ ಪೌಲ ಸೆರೆಮನೆಯಲ್ಲಿ ಕೂತು ಬರೆದದ್ದು ಅದು. ದೇವಶಾಂತಿ ನಿಮ್ಮ ಹೃದಯಗಳನ್ನೂ ಯೋಚನೆಗಳನ್ನೂ ‘ಕಾಯುವದು’ ಅಂತಿದೆ. ಗ್ರೀಕ್ ಮೂಲದಲ್ಲಿ ಆ ಕ್ರಿಯಾಪದ ದಂಡಿನವರ ಮಾತು, ಊರಿಗೆ ಪಹರೆ ಹಾಕುವುದು ಅಂತ ಅರ್ಥ. ಫಿಲಿಪ್ಪಿ ಪಟ್ಟಣದಲ್ಲಿ ರೋಮಿನ ನಿವೃತ್ತ ಸೈನಿಕರನ್ನು ನೆಲೆಗೊಳಿಸಿದ್ದರು, ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಗೇಟಿನ ಮುಂದೆ ಓಡಾಡುವ ಬೆಳಗಾವಿಯವರಿಗೂ ಬೇಕಿಲ್ಲ. ಗೇಟಿನಲ್ಲಿ ನಿಂತ ಜವಾನ ರಸ್ತೆಯ ಗದ್ದಲ ನಿಲ್ಲಿಸುವುದಿಲ್ಲ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಅಂತ ನೋಡುತ್ತಾನೆ, ಅಷ್ಟೆ. ಹಾಗಾಗಿ ಗದ್ದಲ ಕಡಿಮೆಯಾಗಲಿಲ್ಲ ಅಂತ ಕೊರಗಬೇಡಿ. ಪಹರೆ ಬದಲಾಯಿಸಲು ದಿನಕ್ಕೆ ಕಾಲು ಗಂಟೆ ಮೀಸಲಿಡಿ.

ಅದು ಬೆಳಗಿನ ಕಾಲು ಗಂಟೆಯಾಗಿರಲಿ. ಡಿಸೆಂಬರಿನಲ್ಲಿ ನಮ್ಮ ಕಡೆ ಆರೂಮುಕ್ಕಾಲಿನ ತನಕ ಸೂರ್ಯನ ಸುಳಿವಿರುವುದಿಲ್ಲ, ಆರು ಗಂಟೆಗೆ ಇನ್ನೂ ಕತ್ತಲೆ. ಟ್ಯೂಬ್‌ಲೈಟ್ ಹಾಕುವ ಮೊದಲು ಮೇಣದಬತ್ತಿ ಹಚ್ಚಿ. ಬೆಳಕಿನ ಮಾತು ಆಗ ಕಣ್ಣಿಗೇ ಕಾಣುತ್ತದೆ. ರಾತ್ರಿ ಹತ್ತಕ್ಕೆ ಇಟ್ಟುಕೊಂಡವರು ಸಾಮಾನ್ಯವಾಗಿ ಮೂರನೇ ದಿನಕ್ಕೆ ಬಿಡುತ್ತಾರೆ. ನಿದ್ದೆ ಒಂದು ಕಾರಣ, ಮೊಬೈಲು ಇನ್ನೊಂದು.

ಮೊದಲ ಭಾನುವಾರ ಒಂದು, ಆಮೇಲೆ ಪ್ರತಿ ಭಾನುವಾರ ಇನ್ನೊಂದು ಸೇರಿಸಿ ಹಚ್ಚುವ ನಾಲ್ಕು ಬತ್ತಿಯ ಈ ಪದ್ಧತಿ ಹುಟ್ಟಿದ್ದು ಬಂಡಿಯ ಗಾಲಿಯಿಂದ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೊಹಾನ್ ಹಿನ್ರಿಕ್ ವಿಚರ್ನ್ ಎಂಬ ಪಾದ್ರಿ, ಕ್ರಿಸ್ಮಸ್ಸಿಗೆ ಎಷ್ಟು ದಿನ ಉಳಿಯಿತು ಅಂತ ದಿನಾ ಪೀಡಿಸುತ್ತಿದ್ದ ಅನಾಥ ಮಕ್ಕಳಿಗಾಗಿ ಗಾಲಿಯ ಮೇಲೆ ಬತ್ತಿ ಇಟ್ಟ. ದೊಡ್ಡ ಬಿಳಿಯವು ನಾಲ್ಕು ಭಾನುವಾರಗಳಿಗೆ, ಚಿಕ್ಕ ಕೆಂಪಿನವು ಉಳಿದ ದಿನಗಳಿಗೆ. ಈಗ ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು ಇಡುವುದು ರೂಢಿ. ಬಣ್ಣದವು ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ರಿಬ್ಬನ್ ಕಟ್ಟಿದರೂ ನಡೆಯುತ್ತದೆ.

ಜನ ತಪ್ಪುವುದು ಬತ್ತಿಯ ಲೆಕ್ಕದಲ್ಲಿ. ಆಗಮನ ಕಾಲ ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಶುರುವಾಗುತ್ತದೆ, ಆದ್ದರಿಂದ ವರ್ಷ ನೋಡಿ 22ರಿಂದ 28 ದಿನ ಇರುತ್ತದೆ. ದಿನಕ್ಕೆ 15 ನಿಮಿಷದಂತೆ 28 ದಿನ ಹಚ್ಚಿದರೆ ಮೊದಲ ಬತ್ತಿ ಒಟ್ಟು 7 ಗಂಟೆ ಉರಿಯಬೇಕು, ನಾಲ್ಕನೆಯದಕ್ಕೆ ಎರಡು ಗಂಟೆಯೂ ಇಲ್ಲ. ಹೆಬ್ಬೆರಳಿನಷ್ಟು ದಪ್ಪದ ಬತ್ತಿ ಗಂಟೆಗೆ ಸುಮಾರು ಒಂದು ಇಂಚು ಕರಗುತ್ತದೆ, ತೆಳ್ಳಗಿನದು ಇನ್ನೂ ಬೇಗ. ಎಂಟು ಇಂಚಿನವೇ ತನ್ನಿ, ಮೊದಲನೆಯದಕ್ಕೆ ಒಂದು ಹೆಚ್ಚಿಗೆ ಇರಲಿ. ಕರಗಿದ ಮೇಣದಲ್ಲಿ ಅಂಟಿಸಿ ನಿಲ್ಲಿಸಿದರೆ ಒಂದಲ್ಲ ಒಂದು ದಿನ ವಾಲುತ್ತದೆ. ಅಗಲದ ಸ್ಟೀಲ್ ತಾಟಿನಲ್ಲಿ ಎರಡು ಇಂಚು ಒದ್ದೆ ಮರಳು ಹಾಕಿ, ಒಂದು ಇಂಚು ಒಳಗೆ ಹೂತು ನಿಲ್ಲಿಸಿ. ಸುತ್ತ ಹಸಿರೆಲೆ ಇಡುವುದಾದರೆ ಪ್ರತಿ ಭಾನುವಾರ ಬದಲಿಸಿ. ಬತ್ತಿ ಕರಗುತ್ತಾ ಜ್ವಾಲೆ ಕೆಳಗಿಳಿಯುತ್ತದೆ, ಎಲೆಯೂ ಅಷ್ಟರಲ್ಲಿ ಒಣಗಿರುತ್ತದೆ, ಬೆಂಕಿ ಹತ್ತುವುದು ಹೀಗೆಯೇ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಮೇಣ ಒಂದೇ ಕಡೆ ಸುರಿದು ಬತ್ತಿ ಅರ್ಧ ಹೊತ್ತಿಗೇ ಮುಗಿಯುತ್ತದೆ.

ಇನ್ನು ಓದು. ದಿನಕ್ಕೊಂದು ಅಧ್ಯಾಯ ಬೇಡ, ವಾರಕ್ಕೊಂದು ಭಾಗ ಸಾಕು. ಮೊದಲ ವಾರ ಮಾರ್ಕ 13:33–37, ಎರಡನೇ ವಾರ ಯೆಶಾಯ 40:1–11, ಮೂರನೇ ವಾರ ಫಿಲಿಪ್ಪಿ 4:4–7, ನಾಲ್ಕನೇ ವಾರ ಲೂಕ 1:26–38. ಗುಲಾಬಿ ಬತ್ತಿ ಮೂರನೇ ಭಾನುವಾರದ್ದು. ‘ಆನಂದಿಸಿರಿ’ ಎಂಬ ಆ ಭಾನುವಾರದ ಹೆಸರು ಬಂದದ್ದೂ ಫಿಲಿಪ್ಪಿ 4:4ರಿಂದಲೇ. ದನಿ ತೆಗೆದು ಎರಡು ಸಲ ಓದಿ, ಆಮೇಲೆ ನಾಲ್ಕು ನಿಮಿಷ ಸುಮ್ಮನೆ ಕೂಡ್ರಿ. ಕೂತ ಕೂಡಲೇ ಗ್ಯಾಸ್ ಬುಕ್ಕಿಂಗು, ಯೂನಿಫಾರ್ಮು, ಕರೆಂಟ್ ಬಿಲ್ಲು ನೆನಪಾಗುತ್ತವೆ. ಓಡಿಸಲು ಹೆಣಗಬೇಡಿ. ಪಕ್ಕದಲ್ಲಿಟ್ಟ ವಹಿಯಲ್ಲಿ (ನೋಟ್‌ಬುಕ್ಕಿನಲ್ಲಿ) ಒಂದು ಮಾತು ಗೀಚಿ ಮತ್ತೆ ಬತ್ತಿಯ ಕಡೆ ನೋಡಿ.

ಆ ವಹಿಯಲ್ಲೇ ಮುಖ್ಯ ಕೆಲಸ ನಡೆಯುವುದು. 4:7ರ ಶಾಂತಿಗೆ 4:6 ಒಂದು ಕ್ರಮ ಹೇಳುತ್ತದೆ: ಕೃತಜ್ಞತಾಸ್ತುತಿಯ ಜೊತೆ, ನಿಮಗೆ ಬೇಕಾದದ್ದನ್ನು ದೇವರಿಗೆ ತಿಳಿಸಿರಿ ಅಂತ. ‘ಬೇಕಾದದ್ದು’ ಅಂದರೆ ಹೆಸರಿಟ್ಟು ಹೇಳುವಂಥದ್ದು. ‘ದೇವರೇ, ಶಾಂತಿ ಕೊಡು’ ಅಂತಷ್ಟೇ ಕೇಳಿ ಎದ್ದರೆ ಚಿಂತೆ ಇದ್ದಲ್ಲೇ ಇರುತ್ತದೆ, ಯಾಕೆಂದರೆ ನೀವು ಅದನ್ನು ಕೈಯಿಂದ ಕೆಳಗೆ ಇಟ್ಟೇ ಇಲ್ಲ. ‘ದುಡ್ಡಿನ ಚಿಂತೆ’ ಅಂತ ಬರೆಯಬೇಡಿ, ‘ಮಗಳ ಫೀಸು, 20ನೇ ತಾರೀಖಿನೊಳಗೆ, 4,000 ಕಡಿಮೆ ಬಿದ್ದಿದೆ’ ಅಂತ ಬರೆಯಿರಿ. ಅದರ ಎದುರಿಗೆ ಇವತ್ತು ನಾನು ಮಾಡಬಹುದಾದದ್ದು ಒಂದು: ಶಾಲೆಗೆ ಹೋಗಿ ಎರಡು ಕಂತು ಕೇಳುವುದು. ಉಳಿದದ್ದನ್ನು ಬಾಯಿಬಿಟ್ಟು ದೇವರಿಗೆ ಒಪ್ಪಿಸಿ. ಕೆಳಗೆ ನಿನ್ನೆಯದೊಂದು ಕೃತಜ್ಞತೆ, ಅದೂ ಅಷ್ಟೇ ಖಚಿತವಾಗಿರಲಿ. ದಿನಕ್ಕೆ ಮೂರು ಚಿಂತೆಗಿಂತ ಹೆಚ್ಚು ಬರೆಯಬೇಡಿ, ಪಟ್ಟಿ ಬೆಳೆದರೆ ಅದೇ ಇನ್ನೊಂದು ಚಿಂತೆ.

ಮುರಿದ ಸಂಬಂಧ ಇದ್ದರೆ ಈ ಕಾಲು ಗಂಟೆ ಏನೂ ಮಾಡಲಾರದು. ಮತ್ತಾಯ 5:23–24 ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು ಅನ್ನುತ್ತದೆ. ಹೊಲದ ವಾಟ್ನಿಗೆ (ಪಾಲಿನ ಜಗಳಕ್ಕೆ) ಮಾತು ಬಿಟ್ಟ ಅಣ್ಣನಿಗೋ ವಾರಗಿತ್ತಿಗೋ ಎರಡನೇ ವಾರದೊಳಗೆ ಒಂದು ಫೋನು ಮಾಡಿ. ಹಬ್ಬದ ದಿನ ಹತ್ತು ಜನರ ಎದುರು ಈ ಕೆಲಸಕ್ಕೆ ಕೈ ಹಾಕಿದರೆ ಕೆಡುತ್ತದೆ. ನಿಮ್ಮ ಕಡೆಯ ತಪ್ಪನ್ನಷ್ಟೇ ಹೇಳಿ, ಹಳೆಯ ಲೆಕ್ಕ ತೆಗೆಯಬೇಡಿ. ಅವರು ಮಾತಾಡದಿದ್ದರೆ ಅಲ್ಲಿಗೆ ಬಿಡಿ, ನಿಮ್ಮ ಪಾಲಿನದು ಆಯಿತು. ಆದರೆ ಹೊಡೆದು ಬಡಿದು ಮಾಡುವವರ ಮನೆಗೆ ತಿರುಗಿ ಹೋಗುವುದನ್ನು ಈ ವಾಕ್ಯ ಕೇಳುವುದಿಲ್ಲ. ಯಾರಾದರೂ ಹಾಗೆ ಉಪದೇಶ ಮಾಡಿದರೆ ಒಪ್ಪಬೇಡಿ.

ಫರಾಳ ನೂರಕ್ಕೆ ನೂರು ನಿಮ್ಮ ಕೈಯಲ್ಲಿರುವ ವಿಷಯ. ಒಂಬತ್ತು ತಿನಿಸು ಯಾರೂ ಕೇಳಿಲ್ಲ, ಮೂರು ಸಾಕು. ಕೇಕಿನ ದ್ರಾಕ್ಷಿ, ಗೋಡಂಬಿ ಮೊದಲ ವಾರವೇ ನೆನೆಹಾಕಿ. ಶಂಕರಪೋಳಿ, ಚಕ್ಕಲಿ ಚೆನ್ನಾಗಿ ಆರಿಸಿ ಡಬ್ಬಿಗೆ ತುಂಬಿದರೆ ಎರಡು ವಾರ ತಡೆಯುತ್ತವೆ, ಹಾಗಾಗಿ ಎರಡನೇ ವಾರ ಕರಿಯಿರಿ. ಕರ್ಚಿಕಾಯಿಗೆ ಹಸಿ ತೆಂಗಿನಕಾಯಿ ಹಾಕಿದರೆ ಬೇಗ ಹುಳಿ ವಾಸನೆ ಬರುತ್ತದೆ, ಒಣಕೊಬ್ಬರಿ ಹುರಿದು ಹಾಕಿ, 20ರ ನಂತರ ಮಾಡಿ. ಇದನ್ನು ಭಕ್ತಿಯ ಉತ್ತರದಲ್ಲಿ ಯಾಕೆ ಬರೆದೆ ಅಂದರೆ, 24ರ ರಾತ್ರಿ ಆರಾಧನೆಯಲ್ಲಿ ಅರ್ಧ ಹೆಂಗಸರು ತೂಕಡಿಸುವುದಕ್ಕೆ ಎಣ್ಣೆಯ ಬಾಣಲಿಯೇ ಕಾರಣ.

ಯಜಮಾನರ ವಿಷಯ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ನಿಲ್ಲುವುದಿಲ್ಲ, ಅವರನ್ನು ಬೆಳಗಿನ ಪ್ರಾರ್ಥನೆಗೆ ಎಬ್ಬಿಸಿ ಕೂರಿಸಬೇಡಿ. ರಾತ್ರಿ ಪಾಳಿಯವರಿಗೆ ಒಂದು ಉಸಿರಿನ ಪ್ರಾರ್ಥನೆ ಸಾಕು. 1 ಕೊರಿಂಥ 16:22ರಲ್ಲಿ ಪೌಲ ಉಳಿಸಿಕೊಂಡ ಅರಾಮಿಕ್ ಮಾತು ‘ಮಾರನಾಥ’. ‘ನಮ್ಮ ಕರ್ತನೇ, ಬಾ’ ಅಂತ ಅದರ ಅರ್ಥ, ಆಗಮನ ಕಾಲದ ಇಡೀ ಪ್ರಾರ್ಥನೆಯೇ ಅದು. ಉಸಿರು ಎಳೆಯುವಾಗ ‘ಕರ್ತನೇ’, ಬಿಡುವಾಗ ‘ಬಾ’. ನಿಮಗೂ ಬಳಕೆಗೆ ಬರುತ್ತದೆ, ವಿಶೇಷವಾಗಿ ಸುವರ್ಣ ಸೌಧದಲ್ಲಿ ಅಧಿವೇಶನ ನಡೆದು ರಸ್ತೆಯಲ್ಲಿ ಬಸ್ಸು ನಿಂತುಬಿಟ್ಟಾಗ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಹೆಚ್ಚು ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂತಾದರೆ ಅದನ್ನು ವಿಶ್ವಾಸದ ಕೊರತೆ ಅಂದುಕೊಳ್ಳಬೇಡಿ, ಡಾಕ್ಟರನ್ನು ಕಾಣಿ. ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಡುವೆ ನಾಲ್ಕೈದು ದಿನ ತಪ್ಪಿಯೇ ತಪ್ಪುತ್ತದೆ. ಬಿಟ್ಟ ಓದನ್ನು ಒಟ್ಟಿಗೆ ಮುಗಿಸಲು ಕೂಡಬೇಡಿ. ಆ ವಾರಕ್ಕೆ ಎಷ್ಟು ಬತ್ತಿಯೋ ಅಷ್ಟನ್ನು ಹಚ್ಚಿ, ಆ ವಾರದ ಭಾಗವನ್ನೇ ಓದಿ. ಮೊದಲ ಬತ್ತಿ ಗಿಡ್ಡಾಗಿದ್ದು ಎರಡನೆಯದು ಎತ್ತರವೇ ಉಳಿದಿದ್ದರೆ ಹಾಗೇ ಇರಲಿ.