ಮೂರನೆಯ ಕಂಬಳಿ

ಮಲೆನಾಡಿನ ಊರೊಂದರಿಂದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ಅವರ ಧರ್ಮಕೇಂದ್ರದವರು, ಅಂದರೆ ಊರಿನ ಚರ್ಚಿನವರು, ಪ್ರತಿ ಕ್ರಿಸ್ಮಸ್‌ಗೆ ಹತ್ತಿರದ ವೃದ್ಧಾಶ್ರಮಕ್ಕೆ ಹೋಗಿ ಕಂಬಳಿ, ಹಣ್ಣು, ಕೇಕು ಹಂಚುತ್ತಾರಂತೆ. ಕಳೆದ ಸಲ ಇವರು ಒಬ್ಬ ಅಜ್ಜಿಯ ಕೈಗೆ ಕಂಬಳಿ ಕೊಟ್ಟು ಫೋಟೊಗೆ ನಿಂತರು. ಅಜ್ಜಿ ಮಂಚದ ಕೆಳಗೆ ಕೈ ತೋರಿಸಿದರು. ಅದೇ ವಾರ ಬೇರೆ ಯಾರೋ ಕೊಟ್ಟ ಎರಡು ಕಂಬಳಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಅಲ್ಲಿದ್ದವು. "ಇದನ್ನ ಬೇರೆ ಯಾರಿಗಾದ್ರೂ ಕೊಡು ಮಗಾ. ಕಾಲುಗುರು ಕತ್ತರಿಸೋರು ಇದ್ರೆ ಕಳಿಸು, ನಂಗೆ ಬಗ್ಗೋಕೆ ಆಗಲ್ಲ" ಅಂದರಂತೆ. ಬಸ್ಸು ಹೊರಡುವ ಹೊತ್ತಾಗಿತ್ತು. ಇವರು ಹೊರಟು ಬಂದರು.

ಪತ್ರದಲ್ಲಿರುವ ಪ್ರಶ್ನೆಗಳು ಇವು. ನಾವು ಮಾಡುತ್ತಿರುವುದು ಸೇವೆಯೇ? ರೋಗಿಗಳನ್ನು, ದಿಕ್ಕಿಲ್ಲದವರನ್ನು ನೋಡಿಕೊಳ್ಳುವುದು ಸಿಸ್ಟರ್‌ಗಳ (ಕನ್ಯಾಸ್ತ್ರೀಯರ) ಕೆಲಸವಲ್ಲವೇ, ಮಂಡಿನೋವಿನ ನನ್ನಂಥವಳಿಂದ ಏನಾದೀತು? ಪಕ್ಕದ ಬೀದಿಯಲ್ಲಿ ಪಾರ್ಶ್ವವಾಯು ಬಡಿದು ಮಲಗಿರುವ ಹಿಂದೂ ಮಹಿಳೆಯೊಬ್ಬರಿದ್ದಾರೆ, ಹೋಗಿ ಬರೋಣವೆಂದರೆ 'ಮತಾಂತರಕ್ಕೆ ಬಂದಳು' ಅನ್ನುತ್ತಾರೇನೋ ಎಂಬ ಭಯ. ಕೊನೆಗೆ, ದಿನಾ ಚರ್ಚಿನ ಪೂಜೆಗೆ ಹೋಗಿ ಜಪಸರ ಮಾಡಿದರೆ ಸಾಲದೇ?

ಪ್ರಿಯ ಸಹೋದರಿ,

ಅಜ್ಜಿಯ ಮಾತು ಚುಚ್ಚಿದ್ದು ಒಳ್ಳೆಯದೇ ಆಯಿತು. ಆದರೆ ನಿಮ್ಮ ಧರ್ಮಕೇಂದ್ರದವರನ್ನು ನಾನು ಹೀಗಳೆಯುವುದಿಲ್ಲ. ಕಂಬಳಿ ಕೊಟ್ಟವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಇದ್ದ ಕೊರತೆ ಬೇರೆ, ಮತ್ತು ಅದು ಬಹಳ ಹಳೆಯದು. ಸಂತ ವಿನ್ಸೆಂಟ್ ದೆ ಪಾಲ್ ಅದನ್ನು ಕಣ್ಣಾರೆ ಕಂಡದ್ದು 1617ರಲ್ಲಿ.

ಆಗ ಅವರು ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನ ಚರ್ಚಿನ ಗುರುಗಳು. ಆಗಸ್ಟ್ ತಿಂಗಳ ಒಂದು ಭಾನುವಾರ ಪೂಜೆಗೆ ಉಡುಪು ಹಾಕಿಕೊಳ್ಳುತ್ತಿದ್ದಾಗ ಯಾರೋ ಬಂದು, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ ಎಂದು ತಿಳಿಸಿದರು. ವಿನ್ಸೆಂಟರು ಪೂಜೆಯ ಪ್ರಸಂಗದಲ್ಲಿ (ಉಪದೇಶದಲ್ಲಿ) ಆ ಮಾತೆತ್ತಿದರು. ಮಧ್ಯಾಹ್ನದ ಮೇಲೆ ತಾವೂ ಆ ಮನೆಯತ್ತ ಹೊರಟರೆ, ದಾರಿ ತುಂಬ ಜನ. ಹೋಗುವವರು, ಬರುವವರು, ಬಿಸಿಲಿಗೆ ಬಸವಳಿದು ದಾರಿ ಬದಿಯಲ್ಲಿ ಕೂತವರು. ಮನೆಯೊಳಗೆ ರೊಟ್ಟಿ, ಮಾಂಸ ರಾಶಿ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ 'ನನ್ನ ಪ್ರಸಂಗದ ಪ್ರಭಾವ ನೋಡಿ' ಎಂದು ಬೀಗುತ್ತಿದ್ದರು. ವಿನ್ಸೆಂಟರಿಗೆ ಹೊಳೆದದ್ದೇ ಬೇರೆ: ಇಷ್ಟನ್ನು ಇವರು ಇವತ್ತೇ ತಿನ್ನಲಾರರು, ಅರ್ಧ ಹಳಸಿ ಹೋಗುತ್ತದೆ, ನಾಲ್ಕು ದಿನ ಕಳೆದರೆ ಇವರು ಮತ್ತೆ ಉಪವಾಸ. ಜನರಲ್ಲಿ ಪ್ರೀತಿಗೆ ಬರವಿಲ್ಲ, ಏರ್ಪಾಡಿಗೆ ಬರ.

ಕೆಲವೇ ದಿನಗಳಲ್ಲಿ ಅವರು ಊರಿನ ಹೆಂಗಸರನ್ನು ಸೇರಿಸಿ ಸರದಿ ಹಚ್ಚಿದರು. ದಿನಕ್ಕೊಬ್ಬರು. ಆ ದಿನ ಯಾರ ಪಾಳಿಯೋ ಅವರು ಅಡುಗೆ ಮಾಡಿ ರೋಗಿಗಳ ಮನೆಗೆ ಒಯ್ಯಬೇಕು. ಆ ಸಂಘಕ್ಕೆ ಅವರು ಬರೆದುಕೊಟ್ಟ ನಿಯಮಾವಳಿ ಇಂದಿಗೂ ಉಳಿದಿದೆ. ಅದನ್ನು ಓದಿದರೆ ಸಂತರು ಬರೆದದ್ದೋ, ಮನೆ ನಡೆಸಿದ ಹಿರಿಯ ತಾಯಿಯೊಬ್ಬಳು ಹೇಳಿ ಬರೆಸಿದ್ದೋ ಎನಿಸುತ್ತದೆ. ಒಳಗೆ ಹೋದ ಕೂಡಲೇ ರೋಗಿಯನ್ನು ನಗುಮುಖದಿಂದ ಮಾತಾಡಿಸು. ಹಾಸಿಗೆಯ ಮೇಲೆ ಊಟದ ಹಲಗೆ ಇಡು, ಅದರ ಮೇಲೆ ಬಟ್ಟೆ ಹಾಸು. ಕೈ ತೊಳೆಸು. ಮಾಂಸವನ್ನು ತುಂಡು ಮಾಡಿ ಕೊಡು. ಉಣ್ಣಲು ಮನಸ್ಸಿಲ್ಲದಿದ್ದರೆ ಪ್ರೀತಿಯಿಂದ ಒತ್ತಾಯಿಸು. ನನಗೆ ಬಹಳ ಹಿಡಿಸಿದ್ದು ಇದು: ಜೊತೆಗೆ ಯಾರಾದರೂ ಇರುವ ರೋಗಿಯ ಮನೆಯಿಂದ ಶುರು ಮಾಡು, ಯಾರೂ ಇಲ್ಲದವರ ಮನೆಗೆ ಕೊನೆಯಲ್ಲಿ ಹೋಗು, ಅವರ ಬಳಿ ಹೆಚ್ಚು ಹೊತ್ತು ಕೂರಬಹುದು. ನಾನೂರು ವರ್ಷದ ಹಿಂದೆ ಇಷ್ಟು ಯೋಚಿಸಿದ್ದಾರೆ. ನಮ್ಮ ವೃದ್ಧಾಶ್ರಮ ಭೇಟಿಗಳ ಕಾರ್ಯಕ್ರಮ ಪಟ್ಟಿಯಲ್ಲಿ ಸ್ವಾಗತ, ಪ್ರಾರ್ಥನಾ ಗೀತೆ, ಗಣ್ಯರ ಮಾತು, ವಂದನಾರ್ಪಣೆ ಎಲ್ಲಕ್ಕೂ ಜಾಗವಿದೆ. ಯಾರ ಪಕ್ಕ ಎಷ್ಟು ಹೊತ್ತು ಕೂರಬೇಕು ಎಂಬುದಕ್ಕಿಲ್ಲ.

ಉಗುರಿನ ವಿಷಯಕ್ಕೂ ಒಂದು ಮಾತು. ಆಶ್ರಮದವರಿಗೆ ಫೋನ್ ಮಾಡಿ, ತಲೆಸ್ನಾನ ಮಾಡಿಸುವ, ಉಗುರು ತೆಗೆಯುವ ದಿನ ಯಾವುದು ಎಂದು ಕೇಳಿ, ಆ ದಿನವೇ ಹೋಗಿ. ಸಕ್ಕರೆ ಕಾಯಿಲೆ ಇರುವವರ ಕಾಲುಗುರಿಗೆ ಮಾತ್ರ ನರ್ಸ್ ಇಲ್ಲದೆ ಕೈ ಹಾಕಬೇಡಿ. ಅಂಥವರ ಪಾದಕ್ಕೆ ಸ್ಪರ್ಶ ಗೊತ್ತಾಗದೆ ಇರಬಹುದು, ಸಣ್ಣ ಗಾಯವೂ ಕೊಳೆತುಹೋಗಬಹುದು.

ಇನ್ನು ಸಿಸ್ಟರ್‌ಗಳ ಕೆಲಸ ಎಂಬ ಮಾತು. ಶಾತಿಯೋಂನ ಆ ಹೆಂಗಸರು ಸಿಸ್ಟರ್‌ಗಳಲ್ಲ, ಮದುವೆಯಾದ, ಆಗದ ಸಾಮಾನ್ಯ ಹೆಂಗಸರು. ವಿನ್ಸೆಂಟರ ಸಿಸ್ಟರ್‌ಗಳು ಬಂದದ್ದು ಆಮೇಲೆ, 1633ರಲ್ಲಿ, ಅವರ ಸಹಕಾರಿಣಿ ಸಂತ ಲೂಯಿಸ್ ದೆ ಮರಿಯಾಕ್ ಜೊತೆಗೂಡಿ. ಅದಕ್ಕೂ ಸರಿಯಾಗಿ ಇನ್ನೂರು ವರ್ಷದ ಮೇಲೆ, 1833ರಲ್ಲಿ, ಪ್ಯಾರಿಸಿನಲ್ಲಿ ಶುರುವಾದ, ಬಡವರ ಮನೆಗೆ ಹೋಗಿ ನೆರವಾಗುವ ವಿನ್ಸೆಂಟ್ ದೆ ಪಾಲ್ ಸಭೆಯಂತೂ ಕಾಲೇಜು ಹುಡುಗರದು. ಅವರಲ್ಲೊಬ್ಬ ಫ್ರೆಡೆರಿಕ್ ಓಝನಾಮ್. ಚರ್ಚಾಕೂಟದಲ್ಲಿ ಧರ್ಮಸಭೆಯ ಹಿರಿಮೆಯ ಬಗ್ಗೆ ಆತ ವಾದಿಸುತ್ತಿದ್ದಾಗ ಎದುರು ಪಕ್ಷದವನು ಕೇಳಿದನಂತೆ: ಹಿಂದೆ ನಿಮ್ಮವರು ಮಾಡಿದ್ದು ಇರಲಿ, ಈಗ ನೀವು ಏನು ಮಾಡುತ್ತಿದ್ದೀರಿ? ಉತ್ತರ ಇರಲಿಲ್ಲ. ಹಿಂದಿನ ವರ್ಷವಷ್ಟೇ ಕಾಲರಾ ಊರನ್ನು ಗುಡಿಸಿ ಹಾಕಿತ್ತು. ಓಝನಾಮ್ ಮತ್ತು ಅವನ ಗೆಳೆಯ ತಮ್ಮ ಕೋಣೆಯಲ್ಲಿ ಚಳಿಗೆಂದು ಉಳಿಸಿಕೊಂಡಿದ್ದ ಸೌದೆಯನ್ನು ಹೊತ್ತುಕೊಂಡು ಹೋಗಿ ಒಬ್ಬ ಬಡವನಿಗೆ ಕೊಟ್ಟರು. ಆಮೇಲೂ ಅವರಿಗೆ ದಾರಿ ತೋರಿಸಿದ್ದು ಬಡವರ ಬೀದಿಗಳ ಮನೆ ಮನೆ ಗೊತ್ತಿದ್ದ ಸಿಸ್ಟರ್ ರೊಸಾಲಿ. ಯಾವ ಮನೆಗೆ ಹೋಗಬೇಕು, ಹೋಗಿ ಹೇಗೆ ಮಾತಾಡಬೇಕು ಎಂದು ಹೇಳಿಕೊಟ್ಟವರು ಅವರು. ಮುಂದೆ ದೊಡ್ಡ ಪ್ರಾಧ್ಯಾಪಕನಾದ, ಮದುವೆಯಾಗಿ ಮಗಳನ್ನು ಸಾಕಿದ ಓಝನಾಮ್‌ನನ್ನು 1997ರಲ್ಲಿ ಎರಡನೆಯ ಜಾನ್ ಪಾಲ್ ಪೋಪ್ ಸಂತಪದವಿಗೆ ಹಿಂದಿನ ಮೆಟ್ಟಿಲಾದ ಧನ್ಯರ ಸಾಲಿಗೆ ಸೇರಿಸಿದರು. ಹೀಗಾಗಿ 'ಸಿಸ್ಟರ್‌ಗಳು ಇದ್ದಾರಲ್ಲ' ಎನ್ನುವುದು ನಮ್ಮ ನಮ್ಮೊಳಗೆ ಹೇಳಿಕೊಳ್ಳುವ ನೆಪ, ಅಷ್ಟೆ.

ಆ ವಿನ್ಸೆಂಟ್ ದೆ ಪಾಲ್ ಸಭೆಯ ಶಾಖೆಗಳು ನಮ್ಮ ರಾಜ್ಯದ ಅನೇಕ ಧರ್ಮಕೇಂದ್ರಗಳಲ್ಲೂ ಇವೆ. ಸಾಮಾನ್ಯವಾಗಿ ನಾಲ್ಕಾರು ಜನ ವಯಸ್ಸಾದವರು ಪೂಜೆ ಮುಗಿದ ಮೇಲೆ ಧರ್ಮೋಪದೇಶದ ಕೋಣೆಯಲ್ಲಿ ಬೆಂಚು ಎಳೆದುಕೊಂಡು ಕೂತಿರುತ್ತಾರೆ, ಯಾರೂ ಗಮನಿಸುವುದಿಲ್ಲ. ಒಂದು ಸಲ ಒಳಗೆ ಕೂತು ನೋಡಿ. ಪ್ರಾರ್ಥನೆ, ಒಂದಿಷ್ಟು ಓದು, ಆಮೇಲೆ ಹಿಂದಿನ ವಾರದ ವರದಿ. ಇಂಥ ಮನೆಗೆ ಹೋಗಿದ್ದೆವು, ಬಿಪಿ ಮಾತ್ರೆ ಮುಗಿದಿದೆ. ಇಂಥವರ ಮಗ ಮತ್ತೆ ಕುಡಿದು ಬಂದಿದ್ದ. ಇಂಥವರ ಮಗಳ ಶಾಲೆ ಫೀಸು ಬಾಕಿ. ಮನೆಗಳಿಗೆ ಹೋಗುವುದು ಇಬ್ಬಿಬ್ಬರಾಗಿ. ಕೇಳಿದ್ದು ಕೋಣೆಯಾಚೆ ಹೋಗುವಂತಿಲ್ಲ. ಎದ್ದೇಳುವ ಮುನ್ನ ಒಂದು ಬಟ್ಟೆಚೀಲ ಸುತ್ತು ಬರುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಮುಚ್ಚಿ ಕೈಯನ್ನು ಚೀಲದೊಳಕ್ಕೆ ಇಳಿಸುತ್ತಾರೆ. ಐನೂರರ ನೋಟು ಹಾಕಿದವರು ಯಾರು, ಹತ್ತು ರೂಪಾಯಿಯ ನಾಣ್ಯ ಹಾಕಿದವರು ಯಾರು, ಅಂದು ಬರಿಗೈ ಇಳಿಸಿದವರು ಯಾರು, ಪಕ್ಕದವರಿಗೂ ಗೊತ್ತಾಗುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಯೇಸುವಿನ ಮಾತನ್ನು ಇಷ್ಟು ಅಗ್ಗದಲ್ಲಿ ಪಾಲಿಸುವ ಬೇರೆ ಉಪಾಯ ನಾನು ಕಂಡಿಲ್ಲ. ಫ್ಲೆಕ್ಸ್ ಬೋರ್ಡಿನ ಖರ್ಚೂ ಉಳಿಯುತ್ತದೆ.

ಏರ್ಪಾಡು ಅಂದರೆ ಹಣದ ದಾರಿಯೂ ಸೇರಿತು. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆ ಯಾರಿಗೆ ಗೊತ್ತಿಲ್ಲ! ಜರ್ಮನಿ ಮೂಲದ ಯೇಸುಸಭೆಯ (ಜೆಸ್ವಿಟ್) ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದರು. ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೂ ಆಸರೆಯಾಯಿತು. ಬರೀ ಕಾಣಿಕೆ ನಂಬಿ ಕೂತಿದ್ದರೆ ಅದು ಅವರ ಜೊತೆಗೇ ಮುಗಿಯುತ್ತಿತ್ತು. ಅವರು ಔಷಧಿಯನ್ನು ಅಂಚೆಯ ಮೂಲಕ ದೂರದೂರುಗಳಿಗೆ ಮಾರಿ, ಬಂದ ಹಣವನ್ನು ಈ ಕೆಲಸಕ್ಕೆ ಹಾಕಿದರು. 1910ರಲ್ಲಿ ಅವರು ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ.

ಪಕ್ಕದ ಬೀದಿಯ ಮಹಿಳೆಯ ವಿಷಯ ನಾಜೂಕಿನದು. ನಿಮ್ಮ ಭಯ ಸುಳ್ಳಲ್ಲ, ಈಗಿನ ಗಾಳಿ ಹಾಗಿದೆ. ಹದಿನಾರನೆಯ ಬೆನೆಡಿಕ್ಟ್ ಪೋಪ್ 2005ರಲ್ಲಿ ಸಹಿ ಹಾಕಿದ ತಮ್ಮ ಮೊದಲ ವಿಶ್ವಪತ್ರದಲ್ಲಿ (ಇಡೀ ಧರ್ಮಸಭೆಗೆ ಬರೆದ ಪತ್ರದಲ್ಲಿ) ಇದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿದ್ದಾರೆ: ಪ್ರೀತಿ ಉಚಿತ, ಬೇರೇನನ್ನೋ ಸಾಧಿಸಿಕೊಳ್ಳುವ ಸಾಧನ ಅದಲ್ಲ, ದೇವರ ಬಗ್ಗೆ ಮಾತಾಡುವ ಹೊತ್ತು ಯಾವುದು, ಸುಮ್ಮನಿದ್ದು ಪ್ರೀತಿಯನ್ನೇ ಮಾತಾಡಲು ಬಿಡುವ ಹೊತ್ತು ಯಾವುದು ಎಂಬುದು ಕ್ರೈಸ್ತನಿಗೆ ತಿಳಿದಿರುತ್ತದೆ. ಹಾಗಾಗಿ ಅಕ್ಕಿ ಚೀಲದೊಳಗೆ ಪ್ರಾರ್ಥನೆಯ ಚೀಟಿ ಬೇಡ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದೂ ಬೇಡ. ಓಣಿಯ ಆಶಾ ಕಾರ್ಯಕರ್ತೆಯನ್ನೋ, ಆ ಮನೆಯವರಿಗೆ ಬೇಕಾದ ಹಿಂದೂ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಆ ಮಹಿಳೆಯನ್ನು ನೋಡಿಕೊಳ್ಳುವ ಸೊಸೆಯೋ ಮಗಳೋ ಇದ್ದರೆ ಮೊದಲು ಆಕೆಯನ್ನು ಮಾತಾಡಿಸಿ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ನೋಡಿಕೊಳ್ಳುವ ಆಕೆಗೆ ರಾತ್ರಿ ನಿದ್ದೆಯೂ ಇರಲಿಕ್ಕಿಲ್ಲ. "ನಾನು ಎರಡು ತಾಸು ಕೂತಿರ್ತೀನಿ, ನೀನು ಸಂತೆಗೆ ಹೋಗಿ ಬಾ" ಅಂದರೆ ಅದಕ್ಕಿಂತ ದೊಡ್ಡ ಉಪಕಾರ ಆ ಮನೆಗೆ ಬೇರೆ ಇಲ್ಲ. ಮಂಡಿನೋವಿನವರಿಗೆ ಕೂತು ಮಾಡುವ ಈ ಕೆಲಸ ಹೇಳಿ ಮಾಡಿಸಿದ್ದು.

ಇನ್ನೊಂದನ್ನು ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ನೀವು ತೋಟಗಳ ಸೀಮೆಯವರು. ತೋಟದ ಆಳುಗಳ ಲೈನ್ ಮನೆಗಳಲ್ಲಿ ಕ್ರಿಸ್ಮಸ್‌ಗೆ ಸೀರೆ ಹಂಚುವ ಕ್ರೈಸ್ತ ಮಾಲೀಕರು ಎಲ್ಲೆಡೆ ಇದ್ದಾರೆ, ಸಂತೋಷ. ಅದೇ ಆಳುಗಳ ಕೂಲಿ, ಪಿಎಫ್ ಸರಿಯಾಗಿ ಕಟ್ಟಿದ್ದಾರೆಯೇ? ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎಂದು ಸಂತ ಯಕೋಬ ತನ್ನ ಪತ್ರದಲ್ಲಿ ಬರೆಯುತ್ತಾನೆ. ಬಾಕಿ ಇಟ್ಟುಕೊಂಡ ಕೈಯಿಂದ ಬಂದ ಸೀರೆಯನ್ನು ದಾನ ಎನ್ನಲು ನನಗೆ ನಾಲಗೆ ಹೊರಳುವುದಿಲ್ಲ. ಈ ಮಾತಿಗೆ ಕೆಲವರು ನಮ್ಮ ಪತ್ರಿಕೆಯ ಚಂದಾ ನಿಲ್ಲಿಸಬಹುದು.

ನಿಮ್ಮ ಕೈಯಲ್ಲಿ ಬೇರೆಯವರಿಗಿಲ್ಲದ ವಿದ್ಯೆಯೂ ಇದೆ. ಅರ್ಜಿ ತುಂಬಬಲ್ಲಿರಿ. ವೃದ್ಧಾಪ್ಯ ವೇತನ, ವಿಧವಾ ವೇತನ ನಿಂತುಹೋದ ಎಷ್ಟೋ ಮುದುಕಿಯರಿಗೆ ಅದು ಯಾಕೆ ನಿಂತಿತು ಎಂದೇ ಗೊತ್ತಿರುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ, ಇಂಥದ್ದೇ ಇರುತ್ತದೆ. ಅವರ ಜೊತೆ ನಾಡಕಚೇರಿಗೆ ಹೋಗಿ ಸಾಲಿನಲ್ಲಿ ನಿಂತು, 'ನಾಳೆ ಬನ್ನಿ' ಅಂದರೆ ನಾಳೆಯೂ ಹೋಗುವುದು ಕಂಬಳಿಗಿಂತ ಕಷ್ಟದ ದಾನ. ಫೋಟೊ ಕೂಡ ಚೆನ್ನಾಗಿ ಬರುವುದಿಲ್ಲ.

ಪೂಜೆ, ಜಪಸರ ಸಾಲದೇ ಎಂದಿರಿ. ಬಿಡಬೇಡಿ. ಹಸಿದವರಿಗೆ ಉಣಿಸಿ ಎಂದು ನಿಮಗೆ ಓದಿ ಹೇಳುವುದೇ ಆ ಪೂಜೆ. ಸಂತ ಮತ್ತಾಯನ 25ನೆಯ ಅಧ್ಯಾಯದ ಕಡೆಯ ತೀರ್ಪನ್ನು ಮತ್ತೊಮ್ಮೆ ಓದಿ ನೋಡಿ. ಬಲಗಡೆ ನಿಂತವರೂ ಎಡಗಡೆ ನಿಂತವರೂ ಕೇಳುವುದು ಒಂದೇ ಪ್ರಶ್ನೆ: ಪ್ರಭೂ, ನಿನ್ನನ್ನು ಯಾವಾಗ ನೋಡಿದೆವು? ಉಣಿಸಿದವರಿಗೂ ತಾವು ಯಾರಿಗೆ ಉಣಿಸಿದೆವೆಂಬುದು ಗೊತ್ತಿರಲಿಲ್ಲ. ಆದ್ದರಿಂದ ಪಕ್ಕದ ಬೀದಿಯ ಮನೆಗೆ ಹೋದಾಗ ಅಲ್ಲಿ ಕ್ರಿಸ್ತನನ್ನು ಕಂಡಂತಾಯಿತೇ ಎಂದು ಮನಸ್ಸನ್ನು ಕೆದಕಿಕೊಳ್ಳಬೇಡಿ. ಬಹುಶಃ ಮೂತ್ರದ ವಾಸನೆ ಬರುತ್ತದೆ, ಟಿವಿ ಜೋರಾಗಿ ಹಾಕಿರುತ್ತಾರೆ, ಆ ಮಹಿಳೆಗೆ ನೀವು ಬಂದದ್ದು ಇಷ್ಟವಾಗದೆಯೂ ಇರಬಹುದು. ಇಷ್ಟವಿಲ್ಲವೆಂದರೆ ಎದ್ದು ಬನ್ನಿ. ಬೇಡ ಅನ್ನುವ ಹಕ್ಕು ಅವರಿಗಿದೆ.

ಇಷ್ಟಕ್ಕೆಲ್ಲ ನಿಮ್ಮ ಫಾದರ್ ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ಪತ್ರದ ಅಂಚಿನಲ್ಲಿ ಕಾಣುತ್ತದೆ. ದೊಡ್ಡ ಯೋಜನೆ ಅಂತ ಹೋಗಬೇಡಿ, ಸಮಿತಿ ರಚಿಸಿ ಅಂದಾರು. ಭಾನುವಾರ ಎರಡನೆಯ ಪೂಜೆ ಆದ ಮೇಲೆ ಅರ್ಧ ಗಂಟೆ ಧರ್ಮೋಪದೇಶದ ಕೋಣೆಯ ಬೀಗದ ಕೈ ಬೇಕು ಎಂದಷ್ಟೇ ಕೇಳಿ. ಜೊತೆಗೆ ಇಬ್ಬರು ಸಿಕ್ಕರೆ ಸಾಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ವಾರದ ಏಳು ದಿನ ಬರೆದು, ಯಾವ ದಿನ ಯಾರು ಎಲ್ಲಿಗೆ ಹೋಗುತ್ತೀರಿ ಎಂದು ತುಂಬಿಸಿ. ಖಾಲಿ ಉಳಿದ ದಿನಗಳಿಗೆ ಮುಂದಿನ ವಾರ ಜನ ಹುಡುಕಿ.

— ಸಂಪಾದಕ