ಕೊಟ್ಟವನು ಲೆಕ್ಕ ಕೇಳಿದನೇ?

ಪ್ರಿಯ ಲೇಖಕರೇ,

‘ಕಾಲ: ದೇವರ ಕೊಡುಗೆ’ ಎಂಬ ನಿಮ್ಮ ಪ್ರಬಂಧ ತಲುಪಿತು. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ವಿಷಯದ ಮೇಲೆ ನಿಮಗಿರುವ ಶ್ರದ್ಧೆ ನಿಜವಾದದ್ದು. ಇಷ್ಟೇ ಆಗಿದ್ದರೆ ಎರಡು ಸಾಲಿನ ವಿಷಾದ ಪತ್ರ ಬರೆದು ಮುಗಿಸುತ್ತಿದ್ದೆ. ಆದರೆ ನಿಮ್ಮ ಮೊದಲ ಪುಟ ನನಗೆ ಸಿಟ್ಟು ತರಿಸಿತು, ನಾಲ್ಕನೆಯ ಪುಟ ನನ್ನನ್ನು ಕಲಕಿಬಿಟ್ಟಿತು. ಎರಡನ್ನೂ ಒಂದೇ ಕೈ ಬರೆದಿದೆ ಎಂಬುದನ್ನು ಒಪ್ಪಲು ಮನಸ್ಸು ಬರುತ್ತಿಲ್ಲ.

ಮೊದಲ ಸಾಲು ನೋಡಿ: ‘ದೇವರು ಪ್ರತಿದಿನ ಬೆಳಗ್ಗೆ ನಮ್ಮ ಖಾತೆಗೆ 86,400 ಸೆಕೆಂಡುಗಳನ್ನು ಜಮಾ ಮಾಡುತ್ತಾನೆ.’ ಇದು ನಿಮ್ಮ ಸಾಲಲ್ಲ. ಭಾಷಣಗಳಲ್ಲಿ, ಶುಭಾಶಯ ಪತ್ರಗಳಲ್ಲಿ, ಮುಂಜಾನೆ ಮೊಬೈಲ್‌ಗೆ ಬಂದು ಬೀಳುವ ಸಂದೇಶಗಳಲ್ಲಿ ಸವೆದು ನಿಮ್ಮವರೆಗೆ ಬಂದಿದೆ. ಸವೆದದ್ದು ಎನ್ನುವುದಷ್ಟೇ ನನ್ನ ತಕರಾರಾಗಿದ್ದರೆ ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ನೀವು ಹೇಳಹೊರಟದ್ದನ್ನೇ ಈ ಸಾಲು ಅಲ್ಲಗಳೆಯುತ್ತದೆ. ಸಾಲ ಕೊಟ್ಟವನು ಲೆಕ್ಕ ಕೇಳುತ್ತಾನೆ, ಕೊಡುಗೆ ಕೊಟ್ಟವನು ಕೇಳುವುದಿಲ್ಲ. ಶೀರ್ಷಿಕೆಯಲ್ಲಿ ಕೊಡುಗೈ ದೇವರನ್ನು ಕರೆದು, ಮರುಸಾಲಿನಲ್ಲೇ ಅವನನ್ನು ಲೆಕ್ಕಪತ್ರದ ಮುಂದೆ ಕೂರಿಸಿದ್ದೀರಿ.

ಎರಡನೆಯ ಸಾಲು: ‘ಬಡವನಿರಲಿ ಬಲ್ಲಿದನಿರಲಿ, ಯಾರಿಗೂ ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಡಿಮೆಯಿಲ್ಲ.’ ದಿನದ ಲೆಕ್ಕವಾಗಿಯೂ ಇದು ನಿಲ್ಲುವುದಿಲ್ಲ. ಭೂಮಿಯ ತಿರುಗುವಿಕೆಗೂ ಅಣುಗಡಿಯಾರಕ್ಕೂ ತಾಳೆಯಾಗದ ಕಾರಣ 1972ರಿಂದ 2016ರ ವರೆಗೆ 27 ಬಾರಿ ದಿನಕ್ಕೆ ಒಂದು ಸೆಕೆಂಡು ಸೇರಿಸಿದ್ದಾರೆ. ಜಾಗತಿಕ ಪ್ರಮಾಣ ಸಮಯದ ಲೆಕ್ಕದಲ್ಲಿ 2016ರ ಡಿಸೆಂಬರ್ 31ರಂದು ದಿನಕ್ಕೆ 86,401 ಸೆಕೆಂಡುಗಳಿದ್ದವು. ಸೆಕೆಂಡು ಎಂದರೆ ಎಷ್ಟು ಎನ್ನುವುದನ್ನೂ 1967ರಲ್ಲಿ ಮನುಷ್ಯರೇ ಸೀಸಿಯಂ ಪರಮಾಣುವಿನ 9,192,631,770 ಕಂಪನಗಳೆಂದು ಗೊತ್ತುಮಾಡಿದರು. ಗಡಿಯಾರಗಳು ಬರುವ ಮೊದಲು ಅನೇಕ ಕಡೆ ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದರು. ಬೇಸಿಗೆಯಲ್ಲಿ ಗಂಟೆ ಉದ್ದವಾಗುತ್ತಿತ್ತು, ಚಳಿಗಾಲದಲ್ಲಿ ಗಿಡ್ಡವಾಗುತ್ತಿತ್ತು. ಹಗಲು ಇರುಳುಗಳು ನಮಗೆ ಸಿಕ್ಕಿದವು, ಅಂಕಿಗಳನ್ನು ನಾವು ಅಂಟಿಸಿದೆವು. ಆ ಅಂಕಿಯನ್ನು ದೇವರ ಬಾಯಲ್ಲಿ ಇಡಬೇಡಿ.

ಇದು ವಿಜ್ಞಾನದ ಸಣ್ಣ ತಿದ್ದುಪಡಿ, ಬಿಡಿ. ‘ಯಾರಿಗೂ ಕಡಿಮೆಯಿಲ್ಲ’ ಎಂಬ ಮಾತು ಮಾತ್ರ ನನ್ನನ್ನು ನಿದ್ದೆಗೆಡಿಸಿತು. ಎಳೆಯ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಈ ಸಾಲಿನ ಮುಂದೆ ಕುಳಿತಿದ್ದಾಳೆಂದು ಭಾವಿಸಿ. ಅವಳಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಬಲ್ಲಿರಾ? ಆಗದಿದ್ದರೆ ಅಚ್ಚಿಗೂ ಕೊಡಬೇಡಿ. ದೇವರ ಬಗ್ಗೆ ಬರೆಯುವವರಿಗೆ ಈ ಎಚ್ಚರ ಉಳಿದವರಿಗಿಂತ ಹೆಚ್ಚು ಬೇಕು.

ಮೂರನೆಯದು: ‘ವ್ಯರ್ಥವಾದ ಪ್ರತಿ ಕ್ಷಣವೂ ದೇವರಿಗೆ ಬಗೆದ ದ್ರೋಹ.’ ಈಗ ನಿಮ್ಮದೇ ನಾಲ್ಕನೆಯ ಪುಟಕ್ಕೆ ಬನ್ನಿ. ಪಾರ್ಶ್ವವಾಯು ಬಡಿದ ತಂದೆಯ ಪಕ್ಕದಲ್ಲಿ ನೀವು ಕುಳಿತಿದ್ದೀರಿ. ‘ಏಪ್ರಿಲ್‌ನಲ್ಲಿ ಅಪ್ಪ ಅಂಗಿಯ ಮೊದಲ ಗುಂಡಿ ಹಾಕಿಕೊಂಡರು. ಮಳೆ ಹಿಡಿಯುವ ಹೊತ್ತಿಗೆ ಐದನೆಯದಕ್ಕೆ ಬಂದಿದ್ದರು. ನಾನು ಕೈ ಚಾಚದೆ ನೋಡುತ್ತ ಕೂರುವುದನ್ನು ಕಲಿತೆ.’ ಮೂರೇ ವಾಕ್ಯ. ಕಾಲ ಎಂಬ ಪದವೇ ಇಲ್ಲ, ಆದರೂ ಕಾಲ ಸರಿಯುವುದು ಕಣ್ಣಿಗೆ ಕಾಣುತ್ತದೆ. ನಿಮ್ಮ ಮೊದಲ ಪುಟದ ನ್ಯಾಯದಂತೆ ಆ ತಿಂಗಳುಗಳೆಲ್ಲ ನಷ್ಟದ ಬಾಬ್ತು. ಒಂದು ಗುಂಡಿಗಾಗಿ ಎಷ್ಟು ಸಾವಿರ ಸೆಕೆಂಡು ‘ವ್ಯರ್ಥ’ವಾಯಿತು! ನೀವು ಹಾಗೆ ನಂಬಿಲ್ಲ. ನಂಬಿದ್ದರೆ ಅಲ್ಲಿ ಕೂರುತ್ತಿರಲಿಲ್ಲ. ಅಪ್ಪನ ಕೈಗೆ ಕಸುವು ಮರಳಿದ್ದು ದಿನಗಳು ಸರಿದದ್ದರಿಂದ. ಸರಿಯುವುದೇ ಕೊಡುಗೆ ಎಂದು ಹೇಳಲು ನಿಮ್ಮ ಬಳಿ ಸಾಕ್ಷಿ ಇತ್ತು. ಅದನ್ನು ನಾಲ್ಕನೆಯ ಪುಟದಲ್ಲಿ ಬಚ್ಚಿಟ್ಟಿದ್ದೀರಿ.

ಎಣಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೈಬಲ್ಲಿನ ತೊಂಬತ್ತನೆಯ ಕೀರ್ತನೆ ಮನುಷ್ಯನ ಆಯುಷ್ಯ ಎಪ್ಪತ್ತು ವರ್ಷ, ಬಲವಿದ್ದರೆ ಎಂಬತ್ತು ಎನ್ನುತ್ತದೆ; ಆಮೇಲೆ ದಿನಗಳನ್ನು ಎಣಿಸಲು ಕಲಿಸೆಂದು ದೇವರನ್ನು ಬೇಡುತ್ತದೆ. ಅಲ್ಲಿ ಎಣಿಕೆ ಪ್ರಾರ್ಥನೆ, ನಿಮ್ಮಲ್ಲಿ ಗದರಿಕೆ. ಬಸವಣ್ಣನವರ ವಚನ ನಿಮಗೆ ಗೊತ್ತಿರಲೇಬೇಕು: ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ, ಶರೀರ ಗೂಡುವೋಗದ ಮುನ್ನ’. ಕೆನ್ನೆ, ಗಲ್ಲ, ಹಲ್ಲು, ಬೆನ್ನು, ಕೋಲು ಹಿಡಿದ ಕೈ ಎಂದು ದೇಹದ ಮೇಲೆಯೇ ವಯಸ್ಸು ನಡೆದುಬರುತ್ತದೆ. ‘ಅಮೂಲ್ಯ’ ಎಂಬ ವಿಶೇಷಣ ಆ ವಚನದಲ್ಲಿ ಒಮ್ಮೆಯೂ ಬರುವುದಿಲ್ಲ. ನಿಮ್ಮ ಮೊದಲ ಪುಟವೊಂದರಲ್ಲೇ ಹನ್ನೊಂದು ಬಾರಿ ಬಂದಿದೆ.

ನಾನು ಕೆಲಸ ಕಲಿತದ್ದು ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ. ಒತ್ತಕ್ಷರಕ್ಕೆ ಬೇರೆ ಮೊಳೆ, ಕೊಂಬಿಗೆ ಬೇರೆ. ನನ್ನ ಹಿರಿಯ ಸಂಪಾದಕರು ಹಸ್ತಪ್ರತಿಯನ್ನು ಹಿಡಿದು ನನ್ನನ್ನು ಮೊಳೆ ಜೋಡಿಸುವವರ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ವಿವರಣೆ ಕೊಡುತ್ತಿರಲಿಲ್ಲ. ಒಂದು ‘ಅತ್ಯಮೂಲ್ಯ’ಕ್ಕಾಗಿ ಆ ಮನುಷ್ಯನ ಬೆರಳು ಮೊಳೆಪೆಟ್ಟಿಗೆಯ ಎಷ್ಟು ಮನೆಗಳಿಗೆ ಹೋಗಿ ಬರುತ್ತದೆಂದು ನಾನು ನೋಡಬೇಕಿತ್ತು, ಅಷ್ಟೆ. ಸಂಜೆಯ ಹೊತ್ತಿಗೆ ಮೊಳೆ ಜೋಡಿಸುವವರ ಕಣ್ಣು ಕೆಂಪಾಗಿರುತ್ತಿತ್ತು. ನನ್ನ ಲೇಖನ ಮರಳಿ ಕೈಗೆ ಬಂದಾಗ ಅದರ ಅಂಚಿನಲ್ಲಿ ‘ಯಾರು? ಯಾವಾಗ? ನೀನು ನೋಡಿದೆಯಾ?’ ಎಂದಿರುತ್ತಿತ್ತು. ಮೆಚ್ಚುಗೆಯ ಮಾತನ್ನು ಆ ಸಂಪಾದಕರಿಂದ ಕೇಳಿದ ನೆನಪಿಲ್ಲ. ಆದರೆ ಒಂದು ಸಾಲು ಹಿಡಿಸಿದರೆ ಅದನ್ನು ತಾವೇ ಗಟ್ಟಿಯಾಗಿ ಓದಿ ಮೊಳೆ ಜೋಡಿಸುವವರಿಗೆ ಕೇಳಿಸುತ್ತಿದ್ದರು. ನಿಮ್ಮ ಗುಂಡಿಯ ಸಾಲುಗಳನ್ನು ನಿನ್ನೆ ನಾನು ನಮ್ಮ ಕಚೇರಿಯಲ್ಲಿ ಹಾಗೆಯೇ ಓದಿದೆ.

ಓದಿ ಮುಗಿಸುವಷ್ಟರಲ್ಲಿ ಮುಂದಿನ ಸಾಲು ಬಂದು ಎಲ್ಲವನ್ನೂ ಕೆಡಿಸಿತು: ‘ಹೀಗೆ ಕಾಲವೆಂಬುದು ದೇವರು ನಮಗಿತ್ತ ಅತ್ಯಮೂಲ್ಯ ಕೊಡುಗೆ ಎಂಬುದು ಇದರಿಂದ ಸಿದ್ಧವಾಗುತ್ತದೆ.’ ಏನೂ ಸಿದ್ಧವಾಗುವುದಿಲ್ಲ. ತಂದೆ ಐದನೆಯ ಗುಂಡಿ ಹಾಕಿಕೊಳ್ಳುತ್ತಿರುವ ಕೋಣೆಯಲ್ಲಿ ದೇವರಿದ್ದಾನೆಂದು ಓದುಗರಿಗೆ ಹೊಳೆಯಲಿಕ್ಕಿಲ್ಲ ಎಂಬ ಭಯದಿಂದ ನೀವು ಈ ಮುದ್ರೆ ಒತ್ತಿದ್ದೀರಿ. ಓದುಗರನ್ನು ನಂಬಿ. ನೀವು ಬರೆಯುತ್ತಿರುವ ದೇವರನ್ನೂ ಸ್ವಲ್ಪ ನಂಬಿ. ಅವನಿಗೆ ನಿಮ್ಮ ಪ್ರಮಾಣಪತ್ರ ಬೇಕಿಲ್ಲ.

ಎರಡನೆಯ, ಮೂರನೆಯ ಪುಟಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ಏಪ್ರಿಲ್‌ನಿಂದ ಶುರು ಮಾಡಿ. ಎರಡನೆಯ, ಮೂರನೆಯ ಗುಂಡಿಗಳ ನಡುವೆ ಏನಾಯಿತು? ಅಪ್ಪ ಸಿಟ್ಟಾದರೇ? ನೀವು ಕೈ ಚಾಚಿಬಿಟ್ಟ ದಿನವೂ ಇದ್ದಿರಬೇಕು. ಪ್ರಾರ್ಥನೆ ಮಾಡಿದ್ದರೆ ಯಾವ ಮಾತುಗಳಲ್ಲಿ ಮಾಡಿದಿರಿ, ಅದನ್ನೇ ಬರೆಯಿರಿ. ಉದ್ದ ಎಷ್ಟಾದರೂ ಆಗಲಿ, ಜಾಗ ಹುಡುಕುವುದು ನನ್ನ ಕೆಲಸ. ಹೊಸ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಇಂತಿ,
ಸಂಪಾದಕ